ಹಾಳೂರ ದಿಬ್ಬದಲ್ಲಿ ನೀರು ಕೇಳಿದವಳು

ಜೇಠ ವದಿ ಚೌತಿ, ಶುಕ್ರವಾರ

ಗೋಮತಿಯಿಂದ ಸರಯೂವರೆಗಿನ ಹದಿನಾಲ್ಕು ಜಿಲ್ಲೆಗಳಲ್ಲಿ ಬಟ್ಟೆಯಡಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಲಾಟ್ ಸಾಹೇಬರ ಆನೆಯನ್ನು ಮಾರಿಸಿಕೊಟ್ಟವನೂ ನಾನೇ. ಆಗ ನನಗೆ ಒಂಬತ್ತು ವರ್ಷ. ಈಗಲೂ ಬುಝಾವನ ಎಂದು ನನ್ನ ಹೆಸರು ಹೇಳಿದರೆ ಆ ಆನೆ ಸೊಂಡಿಲು ಎತ್ತಿ ನಮಸ್ಕಾರ ಮಾಡುತ್ತದಂತೆ.

ಇಂಥವನ ಬದುಕನ್ನು ಬರೆದಿಡದಿದ್ದರೆ ನಿಬಿಯಾಪುರಕ್ಕೇ ನಷ್ಟ. ಅಣ್ಣನ ಮಗಳು ಬಿಂದೋಳ ಭೂಗೋಳದ ಪುಸ್ತಕದಲ್ಲಿ ಹಿಂದಿನ ಹಾಳೆಗಳು ಖಾಲಿ ಇದ್ದವು, ಎತ್ತಿಕೊಂಡಿದ್ದೇನೆ. ನಾನು ನಾಲ್ಕನೇ ತರಗತಿವರೆಗೆ ಓದಿದವನು. ಆಮೇಲೆ ಮೇಷ್ಟ್ರೇ ಅಪ್ಪನ ಹತ್ತಿರ ಬಂದು, 'ಇವನಿಗೆ ಇನ್ನು ನಾನು ಕಲಿಸಲಾರೆ' ಎಂದು ಕೈಮುಗಿದರು.

ನಾಳೆ ದನದ ಸಂತೆ. ಧೌರಾನನ್ನು ಮಾರಬೇಕು. ಹಾಲಿನಂಥ ಎತ್ತು. ಅದರ ಜೋಡಿ ಹೋದ ವರ್ಷ ಹಾವು ಕಡಿದು ಸತ್ತಿತು. ಒಂಟಿ ಎತ್ತು ಕಟ್ಟಿಕೊಂಡು ಮಾಡುವುದೇನು? ಬಿಂದೋಳ ಮದುವೆಯಾಗಿ ಮೂರು ವರ್ಷ, ಆಷಾಢದಲ್ಲಿ ಅವಳನ್ನು ಮೊದಲ ಸಲ ಗಂಡನ ಮನೆಗೆ ಕಳಿಸಿಕೊಡಬೇಕು, ಅದರ ಖರ್ಚಿಗೆ ಹಣ ಬೇಕು. ಊರಿನ ಮುಖ್ಯಸ್ಥ, ಪ್ರಧಾನ ಅಭಿಲಾಖ ನಮ್ಮ ಬಾಗಿಲಿಗೇ ಬಂದು ಎಂಟುನೂರು ಕೊಡುತ್ತೇನೆ ಎಂದ. ನಾನು ನಕ್ಕುಬಿಟ್ಟೆ.

ಅತ್ತಿಗೆ ಧನೇಸರಿ ಸೆರಗು ಸರಿಮಾಡಿಕೊಂಡು ಹೇಳಿದಳು: "ಬಾಬು, ಎಂಟುನೂರು ಕಡಿಮೆಯಲ್ಲ. ನಿಮ್ಮಣ್ಣ ಇದ್ದಿದ್ರೆ ಕೊಟ್ಟುಬಿಡೋರು."

"ಅಣ್ಣನಿಗೆ ಬೆರಳು ಓದೋಕೆ ಬರ್ತಿರಲಿಲ್ಲ ಅತ್ತಿಗೆ. ಸಾವಿರಕ್ಕೆ ಒಂದು ಕಾಸು ಕಮ್ಮಿ ತಂದರೆ ನನ್ನ ಮೀಸೆ ನೀನೇ ಕತ್ತರಿಸು."

"ಆ ನಾಲ್ಕು ಕೂದಲಿಗೆ ಕತ್ತರಿ ಯಾಕೆ ಬೇಕು?" ಎಂದಳು.

ನಮ್ಮ ಕಡೆ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ದಲಾಲ ಹೆಗಲ ವಸ್ತ್ರ ಹಾಸಿ ಅದರಡಿಯಲ್ಲಿ ಕೈ ಹಿಡಿಯುತ್ತಾನೆ. ಇಡೀ ಬೆರಳು ಒತ್ತಿದರೆ ನೂರು, ತುದಿ ಒತ್ತಿದರೆ ಹತ್ತು, ಮುಷ್ಟಿ ಒತ್ತಿದರೆ ಇನ್ನೇನೋ. ತಲೆಯಾಡಿಸಿದರೆ ಮುಗಿಯಿತು, ಬಟ್ಟೆ ಎತ್ತಿದ ಮೇಲೆ ಬ್ರಹ್ಮ ಬಂದರೂ ಬದಲಾಗದು. ಇದೆಲ್ಲ ನನಗೆ ನೀರು ಕುಡಿದಷ್ಟು ಸುಲಭ.

ಜೇಠ ವದಿ ಷಷ್ಠಿ, ಭಾನುವಾರ

ಮೊದಲೇ ಬರೆದುಬಿಡುತ್ತೇನೆ: ವ್ಯಾಪಾರ ಭರ್ಜರಿಯಾಗಿ ಆಯಿತು. ಸಾವಿರ ರೂಪಾಯಿ. ಊರಿಗೆಲ್ಲ ಹೀಗೇ ಹೇಳಿದ್ದೇನೆ, ಇಲ್ಲಿಯೂ ಹಾಗೇ ಇರಲಿ. ಎರಡು ಕಡೆ ಎರಡು ಬೆಲೆ ಬರೆದರೆ ನೆನಪಿಟ್ಟುಕೊಳ್ಳುವುದು ಕಷ್ಟ.

ಬಟ್ಟೆ ಎತ್ತಿದ ಮೇಲೆ ಛೇದಿ ದಲಾಲ ಕೊಟ್ಟ ನೋಟುಗಳು ಕೈಗೆ ಸ್ವಲ್ಪ ಹಗುರ ಎನಿಸಿದವು. ಆ ಮಾತು ಬಿಡೋಣ. ಸುತ್ತ ಇಪ್ಪತ್ತು ಜನ ನಿಂತಿದ್ದರು, ನಾನು ಗತ್ತಿನಿಂದ ತಲೆಯಾಡಿಸಿ ಆಗಿತ್ತು. ಧೌರಾ ಹೋಗುವಾಗ ಒಮ್ಮೆ ತಿರುಗಿ ನೋಡಿತು.

ವಾಪಸು ಬರುವಾಗ ಬಿದಿರು ಮೆಳೆಯ ನೆರಳಲ್ಲಿ ಬಹಳ ಹೊತ್ತು ಕೂತು ಯೋಚಿಸಿದೆ. ಕಳ್ಳರು ದೋಚಿದರು ಎನ್ನಬಹುದಿತ್ತು. ಆದರೆ ಕಳ್ಳರು ಅಂದರೆ ಗಾಯ ಇರಬೇಕು, ನನ್ನನ್ನು ನಾನೇ ಹೊಡೆದುಕೊಂಡರೆ ನೋಯುತ್ತದೆ. ದೆವ್ವವಾದರೆ ಗಾಯ ಮಾಡುವುದಿಲ್ಲ.

ಹಾಳೂರ ದಿಬ್ಬ ನಮ್ಮ ಊರು ಮೊದಲು ಇದ್ದ ಜಾಗ. ಅಜ್ಜನ ಕಾಲದಲ್ಲಿ ಪ್ಲೇಗು ಬಂದು ಊರು ಕೂಗಳತೆಯ ದೂರ ಇತ್ತ ಸರಿಯಿತು. ಈಗ ಅಲ್ಲಿರುವುದು ಒಡಕು ಹೆಂಚು, ಬೇವಿನ ಮರದಡಿ ಊರು ಕಾಯುವ ಬಾಬಾನ ಮಣ್ಣಿನ ಕುದುರೆಗಳು. ದಿಬ್ಬದ ಬುಡದಲ್ಲಿ ಕುಂಬಾರರ ವಿಧವೆ ಜಗರಾನಿಯ ಒಂಟಿ ಗುಡಿಸಲು. ಜೇಠದ ಕಡುಬೇಸಿಗೆಯ ಬಿಸಿಗಾಳಿ ಬೀಸುವ ಮಟಮಟ ಮಧ್ಯಾಹ್ನ ಅಲ್ಲಿ ನಾಯಿಯೂ ಓಡಾಡುವುದಿಲ್ಲ.

ಮನೆಯಂಗಳದಲ್ಲಿ ನಿಂತು ನಾನು ಹೇಳಿದ್ದು ಇಷ್ಟು: ಬೇವಿನಡಿ ಕೆಂಪು ಸೀರೆಯ ಒಬ್ಬ ಹೆಂಗಸು ಕೂತಿದ್ದಳು. 'ಅಣ್ಣಾ, ಒಂದು ಲೋಟ ನೀರು' ಅಂದಳು. ದಯೆ ನನ್ನ ಹುಟ್ಟುಗುಣ. ಜಗರಾನಿಯ ಗುಡಿಸಲ ಮುಂದಿದ್ದ ಮಡಕೆಯಿಂದ ನೀರು ತಂದುಕೊಟ್ಟೆ. ಕುಡಿದಳು, ನಕ್ಕಳು, ಗಾಳಿಯಾದಳು. ಸೊಂಟ ಮುಟ್ಟಿಕೊಂಡರೆ ಹಣದ ಗಂಟು ಕರಗಿ ಸಣ್ಣದಾಗಿದೆ!

ಅತ್ತಿಗೆ ನಾನು ಕೊಟ್ಟ ಉಳಿದ ನೋಟುಗಳನ್ನು ಕೈಯಲ್ಲಿ ಹಿಡಿದು ಕೇಳಿದಳು: "ಪೂರ್ತಿ ಯಾಕೆ ತಗೊಳ್ಳಲಿಲ್ಲ ಅವಳು?"

"ದೆವ್ವಕ್ಕೂ ಒಂದು ಧರ್ಮ ಅಂತ ಇರುತ್ತೆ ಅತ್ತಿಗೆ."

"ಹೂಂ. ನಮ್ಮ ಮನೇಲಿ ಮಾತ್ರ ಇಲ್ಲ" ಎಂದು ಒಳಗೆ ಹೋದಳು.

ನಿಜವಾಗಿ ಎಷ್ಟು ಕಳೆಯಿತು ಎಂದು ಈ ಪುಸ್ತಕಕ್ಕೂ ಹೇಳುವುದಿಲ್ಲ. ಪುಸ್ತಕಕ್ಕೆ ಬಾಯಿ ಬಂದರೆ ಗತಿಯೇನು?

ಜೇಠ ವದಿ ಅಷ್ಟಮಿ, ಮಂಗಳವಾರ

ಇಡೀ ಊರು ನನ್ನ ಹಿಂದೆ. ಕ್ಷೌರಕ್ಕೆ ಕೂತರೆ ಕ್ಷೌರಿಕ ಕಾಸು ಬೇಡ, ಕತೆ ಹೇಳು ಅಂದ. ಅರ್ಧ ಗಡ್ಡಕ್ಕೆ ಕತೆ ಮುಗಿದರೆ ಉಳಿದರ್ಧ ಹಾಗೇ ಬಿಡುತ್ತಾನೆಂದು ಹೆದರಿ ಉದ್ದ ಮಾಡಿದೆ. ಈಗ ನನ್ನ ದೆವ್ವಕ್ಕೆ ಬೆಳ್ಳಿಯ ಕಾಲ್ಗಡಗ ಬಂದಿದೆ.

ಬಿಂದೋ ಹತ್ತಿರ ಬಂದು ಪಿಸುಗುಟ್ಟಿದಳು: "ಕಾಕಾ, ಅವಳ ಪಾದ ಹಿಂದುಮುಂದಾಗಿತ್ತಾ?"

"ಇಲ್ಲದೆ ಮತ್ತೆ? ಹಿಮ್ಮಡಿ ಮುಂದೆ, ಬೆರಳು ಹಿಂದೆ."

"ನಿನ್ನೆ ಪಾದಾನೇ ಇರಲಿಲ್ಲ ಅಂದೆ."

"ನಿನ್ನೆ ನಾನು ನೋಡಿದ್ದು ದೂರದಿಂದ."

ಹುಡುಗಿ ಅಮ್ಮನ ಹಾಗೆ, ಕಣ್ಣಲ್ಲೇ ನಗುತ್ತಾಳೆ.

ಹೆಂಗಸರು ದಿಬ್ಬದ ಮೇಲೆ ನೀರು ತುಂಬಿದ ಮಡಕೆ ಇಟ್ಟು ಬರತೊಡಗಿದ್ದಾರೆ. ಕಣ್ಣ ಮುಂದೆ ಹೊಸ ಆಚಾರವೊಂದು ಹುಟ್ಟಿತು, ಹುಟ್ಟಿಸಿದವನು ನಾನು! ಪ್ರಧಾನ ಅಭಿಲಾಖ ಮಾತ್ರ ಮುಖ ಗಂಟಿಕ್ಕಿಕೊಂಡು, ಇದು ಊರಿಗೇ ಕೇಡು, ಮಂತ್ರವಾದಿ ಝಿಂಗುರಿಯನ್ನು ಕರೆಸಬೇಕು ಅಂದ. ಕರೆಸಲಿ. ಕತೆ ಇನ್ನಷ್ಟು ಬೆಳೆಯುತ್ತದೆ.

ಅತ್ತಿಗೆ ಮೂರು ದಿನದಿಂದ ರೊಟ್ಟಿಗೆ ತುಪ್ಪ ಸವರಿಲ್ಲ.

ಜೇಠ ವದಿ ಏಕಾದಶಿ, ಶುಕ್ರವಾರ

ಮಧ್ಯಾಹ್ನ ಹೊಲದಿಂದ ಬರುವಾಗ ದಿಬ್ಬದ ಪಕ್ಕದ ದಾರಿ ಹಿಡಿದೆ. ಬೇವಿನ ಮರದ ಕಡೆಯಿಂದ ಯಾರೋ "ನೀರು" ಅಂದ ಹಾಗಾಯಿತು.

ತಿರುಗಿದೆ. ಯಾರೂ ಇಲ್ಲ. ಹೆಂಗಸರು ಇಟ್ಟ ಮಡಕೆಗಳೆಲ್ಲ ಬತ್ತಿಹೋಗಿದ್ದವು.

ಬಿಸಿಗಾಳಿ ಬೀಸುವಾಗ ಒಡಕು ಹೆಂಚುಗಳ ನಡುವೆ ಸದ್ದಾಗುತ್ತದೆ. ಅದೇ ಇರಬೇಕು. ಅವಳನ್ನು ಬಿದಿರು ಮೆಳೆಯಡಿ ಕೂತು ಕಟ್ಟಿದವನು ನಾನು. ನಾನು ಕಟ್ಟಿದವಳು ನನ್ನನ್ನೇ ಕರೆಯುವುದು ಎಂದರೇನು?

ಜೇಠ ವದಿ ತ್ರಯೋದಶಿ, ಭಾನುವಾರ

ಹೊಸ ಮಡಕೆ ತರಲು ಜಗರಾನಿಯ ಗುಡಿಸಲಿಗೆ ಹೋದೆ. ಅವಳು ತಿಗರಿಯ ಮುಂದೆ ಕೂತಿದ್ದಳು. ಎಪ್ಪತ್ತು ದಾಟಿದೆ, ಕೈ ಮಾತ್ರ ನಡುಗುವುದಿಲ್ಲ.

"ಬಾರಪ್ಪಾ ಬುಝಾವನ. ನನ್ನ ಮಡಕೆ ನೀರನ್ನ ದೆವ್ವಕ್ಕೆ ಕುಡಿಸಿದ್ಯಂತೆ?"

"ಪುಣ್ಯ ನಿನಗೂ ಅರ್ಧ ಬಂತು ಅಜ್ಜಿ."

"ಅವತ್ತು ಮಧ್ಯಾಹ್ನ ನಾನು ಇಲ್ಲೇ ಹೊಸ್ತಿಲ ಮೇಲೆ ಕೂತಿದ್ದೆ. ನೀನು ಬಿದಿರು ಮೆಳೆ ಹತ್ರ ಕೂತು ಮೂಗು ಸೀಟ್ತಿದ್ದೆ. ಆಮೇಲೆ ಎದ್ದು ಕೆರೆ ಏರಿ ಮೇಲೆ ಹೋದೆ. ನನ್ನ ಮಡಕೆ ಹತ್ರ ಬಂದೇ ಇಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ತಿಗರಿ ತಿರುಗಿಸುತ್ತಲೇ ಹೇಳಿದಳು:

"ನೀನು ಹೇಳಿದ್ದು ಸುಳ್ಳು. ಆದ್ರೆ ಅವಳು ಸುಳ್ಳಲ್ಲ. ನಿಮ್ಮಜ್ಜ ನಿನಗೆ ಹೇಳಿಲ್ವಾ? ಎಲ್ಲಿ ಹೇಳ್ತಾನೆ! ಪ್ಲೇಗು ಬಂದಾಗ ಊರೋರೆಲ್ಲ ಗಂಟುಮೂಟೆ ಕಟ್ಟಿ ಹೊರಟ್ರಂತೆ. ನಿಮ್ಮಜ್ಜನ ಮೊದಲ ಹೆಂಡ್ತಿಗೆ ಕಂಕುಳಲ್ಲಿ ಗಡ್ಡೆ ಎದ್ದಿತ್ತು. ಅವಳನ್ನ ಬೇವಿನ ಮರದಡಿ ಮಲಗಿಸಿ, ಸತ್ತಳು ಅಂತ ನಿಮ್ಮಜ್ಜ ಎಲ್ಲರಿಗೂ ಹೇಳಿದ. ಎರಡು ದಿನ ದಿಬ್ಬದ ಮೇಲಿಂದ 'ನೀರು, ನೀರು' ಅಂತ ಕೂಗು ಕೇಳಿಸ್ತಂತೆ. ನಮ್ಮತ್ತೆ ಲೋಟ ತಗೊಂಡು ಹೊರಟರೆ ನಿಮ್ಮಜ್ಜ ಅಡ್ಡ ನಿಂತ. 'ಅವಳು ಸತ್ತಾಯ್ತು. ಕೂಗ್ತಿರೋದು ದೆವ್ವ. ಹೋದೋರು ಬದುಕಲ್ಲ' ಅಂದ. ಮೂರನೇ ದಿನ ಕೂಗು ನಿಂತಿತು."

ಮಡಕೆಯ ಬಾಯಿಯನ್ನು ದಾರದಲ್ಲಿ ಕೊಯ್ದು ಕೆಳಗಿಳಿಸಿದಳು.

"ನಿಮ್ಮನೇಲಿ ಈ ಸುಳ್ಳು ಹೊಸದಲ್ಲ ಬಿಡು. ನಾಲ್ಕಾಣೆ ಕೊಡು, ಮಡಕೆ ತಗೊಂಡು ಹೋಗು."

ಮುದುಕಿಯ ಮಾತು. ಎಲ್ಲ ಮುದುಕಿಯರೂ ಇಂಥದ್ದು ಹೇಳುತ್ತಾರೆ. ನಮ್ಮಜ್ಜ ಬಹಳ ದೊಡ್ಡ ಮನುಷ್ಯ, ಹುಲಿಯನ್ನು ಕಿವಿ ಹಿಡಿದು ಓಡಿಸಿದವನು. ಹಾಗೆಂದು ಅವನೇ ಹೇಳುತ್ತಿದ್ದ.

ಮಡಕೆಯ ನೀರು ಕುಡಿಯಲು ಯಾಕೋ ಮನಸ್ಸಾಗಲಿಲ್ಲ.

ಜೇಠ ಸುದಿ ಬಿದಿಗೆ, ಬುಧವಾರ

ಅಮಾವಾಸ್ಯೆ ಕಳೆಯುತ್ತಲೇ ಝಿಂಗುರಿ ಬಂದ. ಪ್ರಧಾನನ ಅಂಗಳದಲ್ಲಿ ಲವಂಗ ಹೊತ್ತಿಸಿ, ತಲೆಗೂದಲು ಬಿಚ್ಚಿ ಅತ್ತಿತ್ತ ತೂಗಿದ. ಕೊನೆಗೆ ಒಂದೇ ಪ್ರಶ್ನೆ ಕೇಳಿದ: "ಅವಳು ಕುಡಿದ ನೀರು ಯಾರ ಮಡಕೇದು?"

"ಜಗರಾನೀದು!" ಎಂದು ಹತ್ತು ಬಾಯಿ ಒಟ್ಟಿಗೆ ಕೂಗಿದವು.

"ಕರೆದು ಸಾಕಿದೋಳ ಕೈ ನೀರನ್ನ ಮಾತ್ರ ದೆವ್ವ ಕುಡಿಯುತ್ತೆ. ಮುದುಕಿ ಅದನ್ನ ಸಾಕಿದ್ದಾಳೆ. ಹಣವೂ ಅವಳ ಹತ್ರಾನೇ ಇದೆ."

ಎಲ್ಲರೂ ನನ್ನ ಕಡೆ ನೋಡಿದರು. ಆ ಮಡಕೆಯನ್ನು ಕತೆಗೆ ತಂದವನು ನಾನು. ಚೆಂದಕ್ಕೆ ತಂದದ್ದು. ಕೆರೆಯ ನೀರು ಅಂದಿದ್ದರೂ ನಡೆಯುತ್ತಿತ್ತು.

ನಾನು ಬಾಯಿ ತೆರೆಯಬಹುದಿತ್ತು. ಬಾಯಲ್ಲಿ ಎಲೆಯಡಿಕೆ ಇತ್ತು.

ಏಕಾದಶಿಯ ಬೆಳಗ್ಗೆಯೊಳಗೆ ಮುದುಕಿ ಊರ ಗಡಿ ದಾಟಬೇಕು, ಅಲ್ಲಿಯವರೆಗೆ ಯಾರೂ ಅವಳಿಗೆ ಬಾವಿಯ ಹಗ್ಗ ಮುಟ್ಟಲು ಬಿಡಬಾರದು ಎಂದು ತೀರ್ಮಾನವಾಯಿತು. ಎಪ್ಪತ್ತು ವರ್ಷದವಳು ಎಲ್ಲಿಗೆ ಹೋಗುತ್ತಾಳೆ ಎಂದು ಯಾರೂ ಕೇಳಲಿಲ್ಲ. ನಾನೂ.

ಜೇಠ ಸುದಿ ಪಂಚಮಿ, ಶನಿವಾರ

ಅವಳ ಗುಡಿಸಲ ನೆಲ ಅಗೆದರು. ನಾನು ಹೋಗಿರಲಿಲ್ಲ, ಹೊಟ್ಟೆ ನೋವು ಅಂದೆ. ತಿಗರಿಯಡಿಯಲ್ಲಿ ಒಂದು ಮಣ್ಣಿನ ಗಡಿಗೆ ಸಿಕ್ಕಿತಂತೆ, ಅದರಲ್ಲಿ ಇನ್ನೂರ ಹನ್ನೆರಡು ರೂಪಾಯಿ. ಹೆಚ್ಚಿನವು ನಾಣ್ಯ. ಮಗ ಇಲ್ಲದವಳು, ಸತ್ತ ಮೇಲೆ ತನ್ನ ಬೂದಿಯನ್ನು ಗಂಗೆಗೆ ಒಯ್ಯುವವನಿಗೆಂದು ಕೂಡಿಟ್ಟದ್ದಂತೆ. ಹಾಗೆಂದು ಅವಳು ಹೇಳಿದಳು, ಯಾರೂ ಕೇಳಲಿಲ್ಲ.

ಪ್ರಧಾನ ಆ ಗಡಿಗೆಯನ್ನು ತಾನೇ ಹೊತ್ತು ತಂದು ನಮ್ಮ ಜಗುಲಿಯ ಮೇಲಿಟ್ಟ. "ತಗೊಳ್ಳಿ ಅತ್ತಿಗೆ, ಸಿಕ್ಕಿದಷ್ಟು ಸಿಕ್ಕಿತು. ಉಳಿದದ್ದನ್ನ ದೆವ್ವ ತಿಂದಿರಬೇಕು."

ಅವನು ಹೋದ ಮೇಲೆ ಅತ್ತಿಗೆ ನನ್ನ ಮುಂದೆ ಬಂದು ನಿಂತಳು.

"ಬಾಬು, ಇದು ನಮ್ಮ ಹಣಾನಾ?"

ನಾನು ಚಪ್ಪಲಿ ಹುಡುಕತೊಡಗಿದೆ. ಅತ್ತಿಗೆ ಗಡಿಗೆಯೊಳಗೆ ಬಗ್ಗಿ ನೋಡಿದಳು.

"ದೆವ್ವ ತಗೊಂಡಿದ್ದು ನೋಟು. ಇದು ಕಾಲಾಣೆ, ಎರಡಾಣೆ. ದೆವ್ವ ಚಿಲ್ಲರೆ ಮಾಡಿಸ್ತಾ?"

ನಾನು ಬಾಗಿಲ ಕಡೆ ನೋಡುತ್ತಿದ್ದೆ. ಅವಳು ಗಡಿಗೆಯನ್ನು ಎತ್ತಿ ನನ್ನ ಮಂಚದ ತಲೆಯ ಕಡೆ ಇಟ್ಟಳು. "ನಾನು ಮುಟ್ಟಲ್ಲ. ನಿನ್ನ ದೆವ್ವ, ನೀನೇ ಇಟ್ಕೊ."

ಅದರ ಮೇಲೆ ನನ್ನ ವಸ್ತ್ರ ಹೊದಿಸಿದೆ. ಈಗ ನೋಡಿದರೆ ಯಾರೋ ಮುಸುಕು ಹಾಕಿಕೊಂಡು ತಲೆಯ ಹತ್ತಿರ ಕೂತ ಹಾಗಿದೆ. ವಸ್ತ್ರ ತೆಗೆದೆ. ತೆಗೆದರೆ ಇನ್ನೂ ಕೆಟ್ಟದು, ಬಾಯಿ ತೆರೆದುಕೊಂಡಂತೆ ಕಾಣುತ್ತದೆ.

ಜೇಠ ಸುದಿ ಷಷ್ಠಿ, ಭಾನುವಾರ

ಮಧ್ಯಾಹ್ನ ಮನೆಯೊಳಗೆ ಮಲಗಿದ್ದಾಗಲೂ ಕೇಳಿತು. "ನೀರು."

ಜೇಠ ಸುದಿ ಸಪ್ತಮಿ, ಸೋಮವಾರ

ಕೇಳಿತು.

ಜೇಠ ಸುದಿ ನವಮಿ, ಬುಧವಾರ

ಇವತ್ತು ನೋಡಿದೆ. ಸತ್ಯವಾಗಿ ನೋಡಿದೆ, ಆನೆಯಾಣೆ ಅಲ್ಲ, ಬಿಂದೋಳ ಆಣೆ.

ತಪ್ಪಿಸಿಕೊಂಡ ಕರುವನ್ನು ಹುಡುಕುತ್ತಾ ದಿಬ್ಬದ ಆ ಬದಿಗೆ ಹೋಗಿದ್ದೆ. ಸೂರ್ಯ ನೆತ್ತಿಯ ಮೇಲಿದ್ದ. ಬೇವಿನಡಿ, ನಾನು ಹೇಳಿದ ಜಾಗದಲ್ಲೇ, ಒಬ್ಬ ಹೆಂಗಸು ಕೂತಿದ್ದಳು. ತಲೆಯ ಮೇಲೆ ಸೆರಗು. ಬಾಯಿ ಬಿಟ್ಟರೆ ಮುಖ ಕಾಣಲಿಲ್ಲ. ಕೈ ಚಾಚಿದಳು. ಕೈಗೆ ಮೊಣಕೈವರೆಗೂ ಒಣಗಿದ ಮಣ್ಣು ಮೆತ್ತಿತ್ತು, ಹೂತಲ್ಲಿಂದ ಈಗ ಎದ್ದು ಬಂದವಳ ಹಾಗೆ. ಗಂಟಲಿನಿಂದ ಮಾತು ಬರಲಿಲ್ಲ, ತುಟಿ ಮಾತ್ರ ಆಡಿತು. ನೀರು ಅಂದಳು ಎಂದು ಗೊತ್ತಾಯಿತು.

ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ತಿಳಿಯದು. ಮನೆಗೆ ಬಂದು ಅತ್ತಿಗೆಯ ಕಾಲ ಬಳಿ ಕುಸಿದು ಎಲ್ಲ ಹೇಳಿದೆ: "ಬಂದಿದ್ದಾಳೆ ಅತ್ತಿಗೆ. ಅಜ್ಜ ಬಿಟ್ಟುಬಂದನಲ್ಲ, ಅವಳೇ. ನನ್ನನ್ನೇ ಕರೆದಳು. ಕೈ ತುಂಬ ಮಣ್ಣು."

ಅತ್ತಿಗೆ ನನ್ನನ್ನು ನೋಡಿದಳು. ಹೀಗೆ ನೋಡಿದ್ದು ಅಣ್ಣ ಸತ್ತ ದಿನ ಮಾತ್ರ.

"ಕೈ ತುಂಬ ಮಣ್ಣು ಯಾರಿಗಿರುತ್ತೆ ಬಾಬು? ಅದು ಜಗರಾನಿ. ಏಳು ದಿನ ಆಯ್ತು, ಅವಳನ್ನ ಬಾವಿ ಹತ್ರ ಬಿಡ್ತಿಲ್ಲ. ಕೆರೇನೂ ಈಗ ಒಣಗಿದೆ. ನಮ್ಮಂಥೋರು ದೆವ್ವಕ್ಕೆ ಅಂತ ಇಟ್ಟ ಮಡಕೆ ತಳದ ನೀರನ್ನ ನೆಕ್ಕಿ ಅವಳು ಬದುಕಿದಾಳೆ."

ನಾನು ಓಡಿಬಂದದ್ದು ಜಗರಾನಿಯಿಂದ. ಅವಳು ಬದುಕಿದ್ದಳು. ನೀರು ಕೇಳಿದಳು. ನಾನು ದೆವ್ವ ಅಂದುಕೊಂಡು ಓಡಿದೆ.

ಬಿಂದೋ ತಂಬಿಗೆ ತುಂಬಿಕೊಂಡು, ಸೆರಗಿನಲ್ಲಿ ಮರೆಮಾಡಿ ಹೊರಗೆ ಹೋದಳು. ನಾನು ಕೂತೇ ಇದ್ದೆ.

ಅಜ್ಜನಿಗೂ ಗೊತ್ತಿತ್ತು. ಅವಳು ಸತ್ತಿಲ್ಲ ಎಂದು ಅವನಿಗೆ ಗೊತ್ತಿತ್ತು.

ಜೇಠ ಸುದಿ ದಶಮಿ, ಗುರುವಾರ

ಗಂಗಾ ದಶಹರಾ, ಗಂಗೆ ಭೂಮಿಗಿಳಿದ ದಿನದ ಹಬ್ಬ. ಎಲ್ಲರೂ ಸ್ನಾನ ಮಾಡಿ ಪ್ರಧಾನನ ಅಂಗಳದಲ್ಲಿ ಸೇರಿದ್ದರು, ಝಿಂಗುರಿಯೂ ಇದ್ದ. ನಾಳೆ ಬೆಳಗ್ಗೆ ಮುದುಕಿಯನ್ನು ಗಡಿ ದಾಟಿಸುವವರು ಯಾರು ಎಂದು ಮಾತಾಗುತ್ತಿತ್ತು. ನಾನು ಗಡಿಗೆಯನ್ನು ಹೊತ್ತುಕೊಂಡು ಹೋಗಿ ನಡುವೆ ಇಟ್ಟೆ.

"ದೆವ್ವ ಇಲ್ಲ. ನಾನು ಕಟ್ಟಿದ್ದು. ಧೌರಾನನ್ನ ಸಾವಿರಕ್ಕೆ ಮಾರಿಲ್ಲ. ಬಟ್ಟೆ ಅಡಿ ಬೆರಳು ತಿಳೀದೆ ಮೋಸ ಹೋದೆ."

ಎಷ್ಟಕ್ಕೆ ಮಾರಿದೆ ಎಂದೂ ಹೇಳಿದೆ. ಇಲ್ಲಿ ಬರೆಯಲು ಇನ್ನೂ ಕೈ ಏಳುತ್ತಿಲ್ಲ.

ಪ್ರಧಾನ ಹೋ ಎಂದು ನಕ್ಕ. "ನೋಡಿದ್ರಾ? ಮುದುಕಿ ಇವನಿಗೂ ಮಾಟ ಮಾಡಿದ್ದಾಳೆ. ಬುಝಾವನನಿಗೆ ಬೆರಳು ಓದೋಕೆ ಬರಲ್ವಂತೆ! ಲಾಟ್ ಸಾಹೇಬರ ಆನೆ ಮಾರಿದೋನಿಗೆ!"

ಮೂವತ್ತು ವರ್ಷ ನನ್ನ ಒಂದು ಮಾತನ್ನೂ ನಂಬದ ಊರು, ಇವತ್ತು ಒಂದನ್ನೂ ಬಿಡದೆ ಎಲ್ಲ ನಂಬಿತ್ತು.

ಸಂತೆಯ ರಸೀದಿ ತೋರಿಸಿದೆ. "ರಸೀದೀಲಿ ನಿಜವಾದ ಬೆಲೆ ಯಾರಪ್ಪ ಬರೆಸ್ತಾರೆ? ಸುಂಕ ಉಳಿಸೋಕೆ ಎಲ್ಲರೂ ಅರ್ಧಾನೇ ಬರೆಸೋದು" ಅಂದರು. ಅದೂ ಸರಿಯೇ.

ಆಗ ಅತ್ತಿಗೆ, ಗಂಡಸರ ಸಭೆಯಲ್ಲಿ ಎಂದೂ ಬಾಯಿ ಬಿಡದವಳು, ಬಾಗಿಲ ಬಳಿಯಿಂದ ಹೇಳಿದಳು: "ಛೇದಿ ದಲಾಲನ್ನ ಕರೆಸಿದೀನಿ. ಹೊರಗೆ ನಿಂತಿದ್ದಾನೆ."

ನನಗೆ ಹೇಳಿಯೇ ಇರಲಿಲ್ಲ! ಬೆಳಗ್ಗೆಯೇ ಬಿಂದೋಳನ್ನು ಅವನ ಊರಿಗೆ ಕಳಿಸಿದ್ದಳು.

ಛೇದಿ ಬಂದ, ಕೂತ, ಬೀಡಿ ಹಚ್ಚಿದ. ಬೆಲೆ ಮಾತ್ರ ಹೇಳಲೊಲ್ಲ. "ಬಟ್ಟೆಯಡಿ ಮಾತು ಬಟ್ಟೆಯಡೀಲೇ ಇರ್ಬೇಕು ಪ್ರಧಾನ್ ಜೀ. ಅದನ್ನ ಬಿಚ್ಚಿದ್ರೆ ನಾಳೆ ನನಗೆ ಯಾರು ಕೈ ಕೊಡ್ತಾರೆ? ಬೇಕಾದ್ರೆ ಕಾಕಾನಿಗೆ ಬೆರಳು ಬರುತ್ತೋ ಇಲ್ವೋ, ಅದನ್ನ ಎಲ್ಲರ ಮುಂದೆ ತೋರಿಸ್ತೀನಿ."

ನನ್ನದೇ ವಸ್ತ್ರ ಹಾಸಿದ. ಕೈ ಕೊಟ್ಟೆ. ಇಡೀ ಊರು ಬಗ್ಗಿ ನೋಡುತ್ತಿತ್ತು. ಒತ್ತಿದ.

"ಏಳುನೂರು" ಅಂದೆ.

"ಇನ್ನೂರ ಐವತ್ತು" ಅಂದ ಛೇದಿ. ಜನ ಕಿಸಕ್ಕೆಂದರು. ಮತ್ತೆ ಒತ್ತಿದ.

"ಮುನ್ನೂರು?"

"ಒಂಬೈನೂರು."

"ನಟಿಸ್ತಿದಾನೆ! ಬೇಕೂಂತ ತಪ್ಪು ಹೇಳ್ತಿದಾನೆ!" ಎಂದು ಪ್ರಧಾನ ಕೂಗಿದ.

ಮೂರನೇ ಸಲ ಛೇದಿ ಬಹಳ ಹೊತ್ತು ಕೈ ಹಿಡಿದುಕೊಂಡ. ನಾನು ಈ ಸಲವಾದರೂ ಸರಿ ಹೇಳಬೇಕು ಎಂದು, ನಾಚಿಕೆಯಿಲ್ಲದವನು, ಕಣ್ಣು ಮುಚ್ಚಿ ಬೆರಳುಗಳ ಮೇಲೆ ಜೀವ ಇಟ್ಟೆ. ಬೆವರು ಗಲ್ಲದಿಂದ ತೊಟ್ಟಿಕ್ಕಿತು. "ಐದು... ಐನೂರ ಇಪ್ಪತ್ತು!" ಎಂದೆ.

ಛೇದಿ ಬಟ್ಟೆ ಎತ್ತಿದ. "ಕಾಕಾ, ನಾನು ಒತ್ತಲೇ ಇಲ್ಲ. ಸುಮ್ನೆ ಹಿಡ್ಕೊಂಡಿದ್ದೆ. ನೀವು ಓದಿದ್ದು ನಿಮ್ಮದೇ ನಾಡಿ."

ಊರು ನಕ್ಕ ನಗುವಿಗೆ ಹುಣಸೆ ಮರದ ಕಾಗೆಗಳು ಎದ್ದವು. ಪ್ರಧಾನ ಇನ್ನೂ ಏನೋ ಅನ್ನಲು ಹೊರಟ. ಅತ್ತಿಗೆ ಅಂದಳು:

"ಅಭಿಲಾಖ ಬಾಬು, ಹದಿನೆಂಟು ವರ್ಷದಿಂದ ನಾನು ಇವನಿಗೆ ರೊಟ್ಟಿ ಹಾಕಿದೀನಿ. ನಮ್ಮ ಬಾಬು ಗೆಲ್ಲೋ ಹಾಗೆ ನಟಿಸ್ತಾನೆ. ಸೋಲೋ ಹಾಗೆ ನಟಿಸೋದು ಅವನಿಗೆ ಬರಲ್ಲ."

ಝಿಂಗುರಿ ಯಾವಾಗ ಎದ್ದು ಹೋದನೋ, ಅವನು ಕೂತಿದ್ದ ಕಡೆ ಲವಂಗ ಮಾತ್ರ ಚೆಲ್ಲಿತ್ತು. ಪ್ರಧಾನ ನೆಲ ನೋಡುತ್ತಾ ಹೇಳಿದ: "ಬಾವಿ ಹಗ್ಗ ಅವಳೂ ಮುಟ್ಟಲಿ. ಗಡಿಗೆ ವಾಪಸು ಕೊಡಿ."

ಬರುವ ದಾರಿಯಲ್ಲಿ ಆರು ವರ್ಷದ ಪೋರನೊಬ್ಬ ನನ್ನ ಕೈ ಹಿಡಿದು ಬೆರಳು ಒತ್ತಿ, "ಎಷ್ಟು ಹೇಳು ಕಾಕಾ?" ಅಂದ. ಇನ್ನು ಸಾಯುವವರೆಗೂ ಇದೇ.

ಜೇಠ ಸುದಿ ಏಕಾದಶಿ, ಶುಕ್ರವಾರ

ಇವತ್ತು ನಿರ್ಜಲ ಏಕಾದಶಿ. ಊರಲ್ಲಿ ಯಾರೂ ನೀರು ಮುಟ್ಟುವುದಿಲ್ಲ, ತುಂಬಿದ ಮಡಕೆಯನ್ನು ದಾನ ಕೊಡುತ್ತಾರೆ. ನಾನೂ ಅಂಥದ್ದೊಂದನ್ನು ತಲೆಯ ಮೇಲೆ ಹೊತ್ತು, ಅವಳ ಹಣದ ಗಡಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಮಧ್ಯಾಹ್ನ ದಿಬ್ಬಕ್ಕೆ ಹೋದೆ. ಬೆಳಗ್ಗೆ ಹೋಗಬಹುದಿತ್ತು. ಅವಳು ಕರೆಯುವ ಹೊತ್ತಿಗೇ ಹೋಗಬೇಕು ಅನ್ನಿಸಿತು.

ಜಗರಾನಿ ಅಗೆದ ನೆಲವನ್ನು ಸಗಣಿ ಹಾಕಿ ಸಾರಿಸುತ್ತಿದ್ದಳು. ಮಡಕೆಯನ್ನು ಬೆರಳಲ್ಲಿ ತಟ್ಟಿ ನೋಡಿದಳು.

"ಇದು ನನ್ನ ಕೈದಲ್ಲ. ಯಾವನೋ ಅರೆಬೆಂದದ್ದನ್ನ ಮಾರಿದ್ದಾನೆ. ಸೋರುತ್ತೆ."

"ಅಜ್ಜಿ..."

"ಮಾತಾಡ್ಬೇಡ. ನೀನು ಮಾತಾಡಿದ್ದರ ಫಲ ಇನ್ನೂ ಸಾರಿಸ್ತಾ ಇದೀನಿ." ಬೊಗಸೆ ಒಡ್ಡಿದಳು. "ಹೊಯ್ಯಿ."

"ಇವತ್ತು ಏಕಾದಶಿ ಅಜ್ಜಿ, ಕುಡೀತೀಯಾ?"

"ನಾನು ಏಳು ದಿನ ಏಕಾದಶಿ ಮಾಡಿ ಆಯ್ತು. ಹೊಯ್ಯಿ."

ಕುಡಿದಳು. ಬಹಳ ಹೊತ್ತು ಕುಡಿದಳು. ನಾನು ಬಗ್ಗಿ ಹೊಯ್ಯುತ್ತಲೇ ಇದ್ದೆ, ಅವಳ ಗಂಟಲು ಏರಿ ಇಳಿಯುವುದನ್ನೇ ನೋಡುತ್ತಾ. ಸಾಕು ಎಂದು ಕೈ ಅಡ್ಡ ಮಾಡಿ, ಮಡಕೆಯಲ್ಲಿ ಉಳಿದದ್ದನ್ನು ಬೇವಿನ ಕಡೆ ತೋರಿಸಿದಳು.

"ಅದು ಅವಳಿಗೆ. ಅವಳ ಹೆಸರು ಗೊತ್ತಾ ನಿನಗೆ?"

ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

"ಮುರತಿಯಾ. ಹದಿನೇಳು ವರ್ಷ. ಬಿಂದೋಗಿಂತ ಒಂದು ವರ್ಷ ದೊಡ್ಡೋಳು. ನಮ್ಮತ್ತೆ ಸಾಯೋವರೆಗೂ ಆ ಹೆಸರು ಹೇಳಿ ಹೇಳಿ ಅಳ್ತಿದ್ಲು."

ಬೇವಿನ ಬುಡಕ್ಕೆ ನೀರು ಹೊಯ್ದೆ. ಭೂಮಿ ಚುಂಯ್ ಎಂದು ಎಳೆದುಕೊಂಡಿತು, ಬಾಯಿ ಇಟ್ಟು ಹೀರಿದ ಹಾಗೆ. ಕಿವಿಗೊಟ್ಟು ನಿಂತೆ. ಯಾರೂ ಕರೆಯಲಿಲ್ಲ. ಕರೆಯಲಿಲ್ಲವೆಂದು ಹಗುರಾಗಬೇಕಿತ್ತು, ಆಗಲಿಲ್ಲ. ನಾಳೆಯೂ ಈ ಹೊತ್ತಿಗೆ ಒಂದು ಮಡಕೆ ತರಬೇಕು. ಸೋರದ ಮಡಕೆಗೆ ನಾಲ್ಕಾಣೆಯಲ್ಲ, ನನಗೆ ಮಾತ್ರ ಎಂಟಾಣೆ ಅಂದಿದ್ದಾಳೆ ಮುದುಕಿ.

ಮನೆಗೆ ಬಂದಾಗ ಅತ್ತಿಗೆ ಬಿಂದೋಳ ಹಳೆಯ ಸೀರೆಗೆ ಹೊಸ ಅಂಚು ಹಾಕುತ್ತಿದ್ದಳು. ಹೊಸ ಸೀರೆಗೆ ಈಗ ದುಡ್ಡಿಲ್ಲ. ಬಿಂದೋ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ನಾನು ಕೊಟ್ಟಿಗೆಯ ಖಾಲಿ ಗೂಟದ ಪಕ್ಕ ಕೂತು ಈ ಪುಸ್ತಕ ತೆರೆದೆ.

ಆನೆಯ ಮಾತು ಸುಳ್ಳು. ಆನೆಯನ್ನು ನಾನು ನೋಡಿದ್ದು ಒಂದೇ ಸಲ, ಅದೂ ದೂರದಿಂದ. ನಮ್ಮಜ್ಜ ಹುಲಿಯ ಕಿವಿ ಹಿಡಿಯಲಿಲ್ಲ. ಅವನ ಮೊದಲ ಹೆಂಡತಿಯ ಹೆಸರು ಮುರತಿಯಾ, ಬಿಟ್ಟುಬಂದಾಗ ಅವಳು ಬದುಕಿದ್ದಳು.

ಪ್ರಧಾನ ಬಾಗಿಲಲ್ಲಿ ನಿಂತು ಕೊಡುತ್ತೇನೆಂದದ್ದು ಎಂಟುನೂರು. ಬಟ್ಟೆ ಎತ್ತಿದಾಗ ನನ್ನ ಕೈಯಲ್ಲಿದ್ದದ್ದು ಮುನ್ನೂರ ನಲವತ್ತು. ನಾನು ಕಳೆದದ್ದು ನಾನೂರ ಅರವತ್ತು ರೂಪಾಯಿ.